ಮಗ್ಗದ ಕೌಂಟರು ಹಾಕಿದ ಫಿಯೆಟ್ಟು

1999ರ ಡಿಸೆಂಬರ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಏಳಕ್ಕೆ ಜಮಖಂಡಿಯಿಂದ ಹದಿನಾಲ್ಕು ಕಾರುಗಳು ರ‍್ಯಾಲಿಗೆ ಹೊರಟವು. ಎರಡೆರಡು ನಿಮಿಷ ಬಿಟ್ಟು ಒಂದೊಂದನ್ನೇ ಕಳಿಸಿದರು. ಹನ್ನೊಂದನೆಯದು ನಮ್ಮದು, ನನಗಿಂತ ಹದಿನೈದು ವರ್ಷ ದೊಡ್ಡದಾದ ಬೂದು ಬಣ್ಣದ ಫಿಯೆಟ್. ಓಡಿಸಿದವನು ನನ್ನಪ್ಪ. ಪಕ್ಕದ ಸೀಟಿನಲ್ಲಿ ದಾರಿಯ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತವಳು ನಾನು. ನನಗಾಗ ಹನ್ನೆರಡು ವರ್ಷ.

ಬಾಗಲಕೋಟೆ ಬೇರೆ ಜಿಲ್ಲೆಯಾಗಿ ಎರಡೇ ವರ್ಷವಾಗಿದ್ದ ದಿನಗಳವು. ಬನಹಟ್ಟಿಯ ನಮ್ಮ ಓಣಿಯಲ್ಲಿ ಕರೆಂಟು ಬಂದರೆ ಎಲ್ಲ ಮನೆಯ ಮಗ್ಗಗಳೂ ಒಮ್ಮೆಲೇ ಶುರುವಾಗುತ್ತಿದ್ದವು. ಆ ಸದ್ದಿನಲ್ಲಿ ಮಾತಾಡಿ ಮಾತಾಡಿ ನಮ್ಮೂರ ಜನಕ್ಕೆ ದೊಡ್ಡ ದನಿ ಬಂದಿದೆ ಎಂದು ಹೊರಗಿನವರು ಹೇಳುತ್ತಿದ್ದರು. ಕರೆಂಟು ಹೋದರೆ ಹೆಂಗಸರು ಕಟ್ಟೆಗೆ ಬಂದು ಕೂಡುತ್ತಿದ್ದರು, ನಾವು ಹುಡುಗಿಯರು ಓಣಿಯ ನಡುವೆ ಕುಂಟಾಟಕ್ಕೆ ಗೆರೆ ಎಳೆಯುತ್ತಿದ್ದೆವು. ಗಂಜಿ ಹಾಕಿ ಒಣಗಲು ಬಿಟ್ಟ ನೂಲಿನ ವಾಸನೆ ಸದಾ ಇರುತ್ತಿತ್ತು. ಚಳಿಗಾಲದಲ್ಲಿ ಅದರ ಮೇಲೆ ಮಹಾಲಿಂಗಪುರದ ಕಡೆಯಿಂದ ಬೆಲ್ಲದ ವಾಸನೆ ಬಂದು ಕೂಡುತ್ತಿತ್ತು.

ಅಪ್ಪ ಜಾಬರ್. ಮಗ್ಗ ಕೆಟ್ಟಾಗ ಬಂದು ರಿಪೇರಿ ಮಾಡುವವನಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಅವನ ಹೆಸರು ಓಣಿಯಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ. ಜಮಖಂಡಿಯ ವಕೀಲರೊಬ್ಬರ ಹಿತ್ತಲಲ್ಲಿ ಆರು ವರ್ಷ ನಿಂತೇ ಇದ್ದ ಫಿಯೆಟ್ಟನ್ನು ಅವನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ತಂದು ನಮ್ಮ ಶೆಡ್ಡಿನಲ್ಲಿ ನಿಲ್ಲಿಸಿದ್ದ. ಆಮೇಲೆ ಎರಡು ವರ್ಷ ಭಾನುವಾರಗಳೆಲ್ಲ ಅದಕ್ಕೇ ಹೋದವು. ಕಾರಿನ ಸಾಮಾನು ಸಿಗದಿದ್ದಲ್ಲಿ ಮಗ್ಗದ ಸಾಮಾನು ಹಾಕಿದ. ಸೀರೆಯ ಅಂಚು ನೇಯಲು ತೂತು ಹೊಡೆದ ರಟ್ಟಿನ ಕಾರ್ಡುಗಳು ಬರುತ್ತವಲ್ಲ, ಅವುಗಳಲ್ಲಿ ತೂತಿಲ್ಲದ ಭಾಗ ಹುಡುಕಿ ಕತ್ತರಿಸಿ ನೀರಿನ ಪಂಪಿಗೆ ಗ್ಯಾಸ್ಕೆಟ್ ಮಾಡಿದ. ಕ್ಲಚ್ ಪೆಡಲಿಗೆ ಮಗ್ಗದ ಚರ್ಮದ ಪಟ್ಟಿ. ಬಿಸಿಲೇರಿದಾಗ ಎಂಜಿನ್ನಿಗೆ ಪೆಟ್ರೋಲ್ ಎಳೆಯುವ ಪಂಪಿನ ಮೇಲೆ ತಂಪಿಗೆ ಹೊದಿಸಲು ಅವ್ವನ ಹಳೆಯ ಸೀರೆಯ ಒದ್ದೆ ತುಂಡು. ಗಾಡಿ ಓಣಿಯ ತುದಿಯವರೆಗೆ ಹೋಗಿ ನಿಲ್ಲುತ್ತಿತ್ತು, ನಾವು ತಳ್ಳಿಕೊಂಡು ಬರುತ್ತಿದ್ದೆವು.

ಎದುರು ಮನೆಯ ಈರಪ್ಪ ಕಾಕಾ ಇದಕ್ಕೇ ಕಾದಿರುತ್ತಿದ್ದ.

"ಏನೋ ಜಾಬರ್, ಎಮ್ಮಿಗೆ ಹುಲ್ಲ ಹಾಕಿದ್ದ ಹಾಕಿದ್ದ. ಹಾಲ ಯಾವಾಗ ಹಿಂಡ್ತದ?"

"ಕರಾ ಹಾಕಲಿ ತಡಿಯೋ," ಎನ್ನುತ್ತಿದ್ದ ಅಪ್ಪ, ಬಾನೆಟ್ಟಿನೊಳಗಿಂದಲೇ.

ಅವ್ವನಿಗೆ ಆ ಶೆಡ್ಡು ಬೇಕಿತ್ತು. ಅವಳು ಮತ್ತೊಬ್ಬರ ಮಗ್ಗದ ಮೇಲೆ ನೇಯುತ್ತಿದ್ದಳು, ತನ್ನದೇ ಮಗ್ಗ ಕೂಡಿಸಬೇಕೆಂದು ಬಹಳ ದಿನದಿಂದ ಹೇಳುತ್ತಿದ್ದಳು. ರ‍್ಯಾಲಿಯ ಸುದ್ದಿ ಬಂದಾಗ ಅವಳು ಒಂದು ಕರಾರು ಹಾಕಿದಳು. ಅದನ್ನು ಹೇಳುವಾಗ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನೋಡ್ರಿ, ಪೂರಾ ಮುಟ್ಟಿದವರ ಪಟ್ಟ್ಯಾಗ ನಿಮ್ಮ ಹೆಸರ ಬಂದ್ರ ಗಾಡಿ ಇರ್ಲಿ. ನಾ ಪಡಸಾಲ್ಯಾಗ ಮಗ್ಗ ಹಾಕ್ಕೊಂತೀನಿ. ಬರಲಿಲ್ಲಾ, ಮರದಿನ ಗುಜರಿಯಾಂವ ಬಂದು ಒಯ್ಯಬೇಕು."

"ಆತು," ಎಂದ ಅಪ್ಪ.

ರ‍್ಯಾಲಿ ನಡೆಸಿದ್ದು ಬೆಳಗಾವಿ ಕಡೆಯ ಹಳೆಯ ಕಾರು ಹವ್ಯಾಸಿಗಳು. ಜಮಖಂಡಿಯಿಂದ ಬನಹಟ್ಟಿ, ಮಹಾಲಿಂಗಪುರ, ಮುಧೋಳ, ಕೊನೆಗೆ ಬೀಳಗಿ. ಜೋರಾಗಿ ಓಡಿಸಿದವನು ಗೆಲ್ಲುವ ಪಂದ್ಯ ಅದಾಗಿರಲಿಲ್ಲ. ಹಳ್ಳಿ ರಸ್ತೆಯೆಂದು ಇಡೀ ದಾರಿಗೆ ಗಂಟೆಗೆ ಮೂವತ್ತಾರು ಕಿಲೋಮೀಟರ್ ವೇಗ ಗೊತ್ತುಮಾಡಿದ್ದರು. ದಾರಿಯಲ್ಲಿ ಎಲ್ಲೆಲ್ಲೋ ಗಡಿಯಾರ ಹಿಡಿದವರು ಕೂತಿರುತ್ತಾರೆ, ಎಲ್ಲಿ ಎಂದು ಮೊದಲೇ ಹೇಳುವುದಿಲ್ಲ. ಅವರ ಮುಂದೆ ಒಂದು ನಿಮಿಷ ತಡವಾಗಿ ಬಂದರೆ ಒಂದು ತಪ್ಪಂಕ, ಒಂದು ನಿಮಿಷ ಬೇಗ ಬಂದರೆ ಎರಡು. ಹದಿನೈದು ದಾಟಿದರೆ ಹೆಸರು ಪಟ್ಟಿಯಿಂದ ಹೊರಗೆ.

ನಮ್ಮ ಗಾಡಿಯ ಸ್ಪೀಡಾಮೀಟರ್ ಸತ್ತಿತ್ತು. ಅದರ ಕೇಬಲ್ ಮಾತ್ರ ತಿರುಗುತ್ತಿತ್ತು. ಅಪ್ಪ ಅದರ ತುದಿಗೆ ಮಗ್ಗದ ಕೌಂಟರ್ ಜೋಡಿಸಿದ. ಮಗ್ಗದಲ್ಲಿ ಅಡ್ಡ ಎಳೆ ಒಮ್ಮೆ ಹಾಯ್ದರೆ ಒಂದು ಅಂಕಿ ಮುಂದೆ ಹೋಗುವ ಸಣ್ಣ ಕಬ್ಬಿಣದ ಪೆಟ್ಟಿಗೆ ಅದು. ಕಾರಿನಲ್ಲಿ ಅದು ಹಿಂದಿನ ಗಾಲಿಯ ಸುತ್ತು ಎಣಿಸತೊಡಗಿತು. ನಾವಿಬ್ಬರೂ ಜಮಖಂಡಿ ರಸ್ತೆಯಲ್ಲಿ ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಓಡಿಸಿ ಓಡಿಸಿ ನೋಡಿದೆವು. ಪ್ರತಿ ಸಲವೂ 612. ಮೂವತ್ತಾರರ ವೇಗದಲ್ಲಿ ಒಂದು ಕಿಲೋಮೀಟರಿಗೆ ಸರಿಯಾಗಿ ನೂರು ಸೆಕೆಂಡು. ಹಾಗಾಗಿ ನನ್ನ ಕೆಲಸ ಸರಳವಿತ್ತು. ಪ್ರತಿ ನೂರು ಸೆಕೆಂಡಿಗೆ ಕೌಂಟರು 612 ಮುಂದೆ ಹೋಗಿರಬೇಕು. ಕಡಿಮೆಯಾದರೆ "ಹೊಡಿ" ಅನ್ನಬೇಕು, ಹೆಚ್ಚಾದರೆ "ಸಾವಕಾಶ" ಅನ್ನಬೇಕು. 612ರ ಮಗ್ಗಿಯನ್ನು ನೂರರವರೆಗೆ ಬರೆದು ರಟ್ಟಿಗೆ ಅಂಟಿಸಿದೆ. ಇಂಥ ಸಾಧನ ಬೇರೆ ಯಾವ ಕಾರಿನಲ್ಲೂ ಇರಲಿಲ್ಲ. ಹೊರಡುವ ಮುನ್ನ ಗಾಡಿ ತಪಾಸಣೆಗೆ ಬಂದವರು ಅದನ್ನು ನೋಡಿ ಇಬ್ಬರನ್ನು ಕರೆದು ತೋರಿಸಿದರು.

"ಹುಡುಗಿ ಲೆಕ್ಕಾ ಹಿಡೀತಾಳೇನ್ರಿ?" ಎಂದು ಒಬ್ಬರು ಕೇಳಿದರು.

"ನನಗ ಬರೂದಿಲ್ಲರಿ. ಅಕಿಗೆ ಬರ್ತದ," ಎಂದ ಅಪ್ಪ.

ಹಿಂದಿನ ದಿನ, ಶನಿವಾರ, ಅಪ್ಪ ಒಂದು ಕೆಲಸ ಮಾಡಿದ್ದ. ಹಿಂದಿನ ಎರಡು ಗಾಲಿಗಳ ಟೈರು ಬೋಳಾಗಿದ್ದವು. ಅವನ್ನು ತೆಗೆದು, ದಪ್ಪ ರಬ್ಬರಿನ ಹೊಸ ಪದರ ಹಾಕಿಸಿದ ಟೈರು ತಂದು ಕೂಡಿಸಿದ. "ಮದುವಿಗೆ ಹೊಂಟವರು ಹರಕ ಚಪ್ಪಲ ಹಾಕ್ಕೊಂಡ ಹೊಕ್ಕಾರೇನ ಮತ್ತ?" ಎಂದ. ನಮಗಿಬ್ಬರಿಗೂ ಅದು ಗಾಡಿಗೆ ಮಾಡಿದ ಶೃಂಗಾರವೆಂದೇ ಅನ್ನಿಸಿತ್ತು.

ಜಮಖಂಡಿ ಬಿಟ್ಟ ಮೊದಲ ಕಲ್ಲಿನಲ್ಲೇ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಕಲ್ಲು ಬಂದಾಗ ಕೌಂಟರು 594 ತೋರಿಸುತ್ತಿತ್ತು. ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ. ಅಲ್ಲಿಂದ ಎರಡನೆಯ ಕಲ್ಲಿಗೆ 595 ಹೆಚ್ಚಾಯಿತು. ಮೂರನೆಯದಕ್ಕೆ ಮತ್ತೆ 594.

"ಅಪ್ಪಾ, ಕಲ್ಲ ಲಗೂನ ಬರಾಕತ್ತಾವ."

"ಕಲ್ಲ ಬರೂದಿಲ್ಲಬೇ, ನಾವ ಹೊಂಟೇವಿ. ಕೌಂಟರ್ ಏನ ಹೇಳ್ತದ ಅದನ್ನ ಹೇಳು."

"ಕೌಂಟರ್ ಹಿಂದ ಅದೇವಿ ಅಂತದ. ಕಲ್ಲ ಮುಂದ ಅದೇವಿ ಅಂತದ."

"ಕಲ್ಲ ಹುಗಿಯಾಂವ ಟೇಪ್ ಹಿಡದ ಹುಗದಾನೇನ? ಎಲ್ಲಿ ನೆರಳ ಸಿಕ್ಕತು ಅಲ್ಲಿ ಹುಗದಿರ್ತಾನ."

"ಮತ್ತ ನಾವ ಎಣಿಸಿದ್ದೂ ಅವಽ ಕಲ್ಲಿನ ಮ್ಯಾಲಲ್ಲ?"

ಅಪ್ಪ ಗೇರ್ ಬದಲಿಸಿದ. "ಕೌಂಟರ್ ಸುಳ್ಳ ಹೇಳೂದಿಲ್ಲ. ಓದು," ಎಂದ.

ನಾನು "ಹೊಡಿ" ಅಂದೆ. ಅವನು ಹೊಡೆದ.

ಬನಹಟ್ಟಿಯ ಹತ್ತಿರ ಮೊದಲ ಗಡಿಯಾರದವರು ಸಿಕ್ಕರು. ಒಂದು ನಿಮಿಷ ಬೇಗ ಬಂದಿದ್ದೆವು, ಎರಡು ತಪ್ಪಂಕ. "ಅವರ ಗಡಿಯಾರ ಹಿಂದ ಐತಿ," ಎಂದ ಅಪ್ಪ. ಮಹಾಲಿಂಗಪುರ ದಾಟಿದ ಮೇಲೆ ಹುಣಸೆ ಮರದ ಕೆಳಗೆ ಎರಡನೆಯವರು. ಎರಡು ನಿಮಿಷ ಬೇಗ. ಕಬ್ಬಿನ ಗಾಡಿಗಳು ಸಾಲಾಗಿ ಬರುತ್ತಿದ್ದವು, ರಸ್ತೆಯ ತುಂಬ ಕಬ್ಬಿನ ಒಣ ಗರಿಯ ರವದಿ ಬಿದ್ದಿತ್ತು, ಗಾಲಿಯ ಕೆಳಗೆ ಅದು ಚರಚರ ಎನ್ನುತ್ತಿತ್ತು. ನಾನು ಕಲ್ಲುಗಳ ಅಂಕಿ ಬರೆಯುತ್ತಲೇ ಇದ್ದೆ. ಮುಧೋಳದ ಬಾಗಿಲಲ್ಲಿ ಮೂರು ನಿಮಿಷ ಬೇಗ. ಒಟ್ಟು ಹನ್ನೆರಡು ತಪ್ಪಂಕ ಆಗಿದ್ದವು. ಉಳಿದದ್ದು ಮೂರು. ಇನ್ನೂ ಎರಡು ಕಡೆ ಗಡಿಯಾರದವರು ಇದ್ದಾರೆ ಎಂದು ಮುಧೋಳದಲ್ಲಿ ಹೇಳಿದರು.

ಅಲ್ಲಿ ಅರ್ಧ ಗಂಟೆ ಬಿಡುವು. ಬಿಡುವಿನ ನಂತರ ಸಮಯ ಮತ್ತೆ ಸೊನ್ನೆಯಿಂದ ಶುರು, ತಪ್ಪಂಕ ಮಾತ್ರ ಹಾಗೇ ಉಳಿಯುತ್ತವೆ. ಈರಪ್ಪ ಕಾಕಾ ತನ್ನ ಮೋಟರ್‌ಸೈಕಲ್ಲಿನ ಮೇಲೆ ನಮ್ಮ ಬುತ್ತಿ ತಂದಿದ್ದ. ನಗಲು ಬಂದಿದ್ದನೋ ಊಟ ಕೊಡಲು ಬಂದಿದ್ದನೋ ನನಗೆ ಇಂದಿಗೂ ಗೊತ್ತಿಲ್ಲ. ಬೇವಿನ ಮರದ ಕೆಳಗೆ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ ಬಿಚ್ಚಿದೆವು. ಅಪ್ಪ ಇಳಿದು ಪಂಪಿನ ಮೇಲಿನ ಸೀರೆ ತುಂಡಿಗೆ ನೀರು ಹಾಕಿ ಬಂದು ಕೂತ. ಕಾಕಾ ಗಾಡಿಯ ಸುತ್ತ ಒಂದು ಸುತ್ತು ಹಾಕಿ ಹಿಂದಿನ ಗಾಲಿಗೆ ಕಾಲಿನಿಂದ ತಟ್ಟಿದ.

"ಏನಲೇ, ಎಮ್ಮಿಗೆ ಹೊಸಾ ಬೂಟ ಹಾಕೀದಿ! ಹಿಂದ ಎತ್ತರ ಆಗೇತಿ ನೋಡ, ಮಾರಿ ಕೆಳಗ ಮಾಡಿ ನಿಂತೈತಿ."

ನನ್ನ ಕೈಯಲ್ಲಿ ರೊಟ್ಟಿ ಹಾಗೇ ಉಳಿಯಿತು.

"ಅಪ್ಪಾ, ನಾವ ಎಣಿಸಿದ್ದು ಹಳೇ ಟೈರಿನ ಮ್ಯಾಲೆ."

"ಏನಂದಿ?"

"ಈ ಗಾಲಿ ದೊಡ್ಡುವು. ಒಂದ ಸುತ್ತಿಗೆ ಹೆಚ್ಚ ದೂರ ಹೊಕ್ಕಾವ. ಕಿಲೋಮೀಟರಿಗೆ 612 ಆಗೂದಿಲ್ಲ, 594 ಆಗ್ತದ. ಅದಕ್ಕ ಹಿಂದ ಉಳದೇವಿ ಅಂತ ನಾವು ಹೊಡದೇವಿ."

ಅಪ್ಪ ಅಗಿಯುವುದನ್ನು ನಿಲ್ಲಿಸಿದ. ಅವನ ಕಸುಬಿನಲ್ಲಿ ಇದು ಮೊದಲ ಪಾಠ. ಮಗ್ಗದಲ್ಲಿ ನೇಯ್ದ ಬಟ್ಟೆಯನ್ನು ಎಳೆಯುವ ಹಲ್ಲಿನ ಗಾಲಿಯೊಂದು ಇರುತ್ತದೆ. ಅದನ್ನು ಬದಲಿಸಿದರೆ ಕೌಂಟರು ಅಷ್ಟೇ ತೋರಿಸಿದರೂ ಬಟ್ಟೆಯ ಉದ್ದ ಬೇರೆಯಾಗುತ್ತದೆ. ಬಟ್ಟೆ ಅಳತೆಗೆ ಬರುತ್ತಿಲ್ಲ ಎಂದು ಯಾರು ಕರೆದರೂ ಅವನು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ, "ಗಾಲಿ ಬದ್ಲಿ ಮಾಡೀರೇನು?"

"ಊರಮಂದೀನೆಲ್ಲಾ ಕೇಳಾಂವ ನಾನು," ಎಂದ ಮೆಲ್ಲಗೆ.

ಕಾಕಾ ನಕ್ಕ ನಗೆಗೆ ಪಕ್ಕದ ಕಾರಿನವರು ತಿರುಗಿ ನೋಡಿದರು. "ನಿನ್ನ ಯಾರ ಕೇಳಬೇಕಿತ್ತೋ ಜಾಬರ್?"

"ಇಕಿ ಮುಂಜಾನಿಂದ ಕೇಳಾಕತ್ತಾಳ. ನಾನಽ ಕಿವಿಗೆ ಹಾಕ್ಕೊಳ್ಳಲಿಲ್ಲ." ಅಪ್ಪ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದ. "ಹೊಸಾ ಮಗ್ಗಿ ಆಗ್ತದೇನು? ಇನ್ನ ಇಪ್ಪತ್ತ ಮಿನಿಟ್ ಐತಿ."

ಬೆಳಗಿನಿಂದ ಬರೆದ ಕಲ್ಲುಗಳ ಅಂಕಿ ನನ್ನ ಹತ್ತಿರ ಇತ್ತು. 593 ಎರಡು ಕಡೆ, 595 ಐದಾರು ಕಡೆ, ಉಳಿದೆಡೆ ಎಲ್ಲ 594. ಪುಸ್ತಕದ ಹಿಂಬದಿಯಲ್ಲಿ 594ರ ಮಗ್ಗಿ ಬರೆಯಲು ಕೂತೆ. ಕಾಕಾ ನನ್ನ ಎದುರು ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೂ ಬೆರಳೆಣಿಸಿ ತಾಳೆ ನೋಡಿದ. ಎರಡು ತಪ್ಪು ಹಿಡಿದ. ಆಗ ನಗಲಿಲ್ಲ.

ಮುಧೋಳದಿಂದ ಬೀಳಗಿಯವರೆಗಿನ ದಾರಿ ಇಡೀ ದಿನದಲ್ಲೇ ಕಠಿಣ. ಗಾಡಿಯ ತಪ್ಪಲ್ಲ, ನಮ್ಮ ಮನಸ್ಸಿನದು. ಬೆಳಗಿನಿಂದ ಓಡಿಸಿದ್ದಕ್ಕಿಂತ ಈಗ ನಿಧಾನ ಹೋಗಬೇಕು, ನಿಧಾನ ಹೋದಷ್ಟೂ ತಡವಾಯಿತು ಅನ್ನಿಸುತ್ತದೆ. ನಮ್ಮ ಹಿಂದೆ ಬಿಟ್ಟ ಕೆಂಪು ಕಾರು ಹಾರ್ನ್ ಹೊಡೆಯುತ್ತ ನಮ್ಮನ್ನು ದಾಟಿತು. ಒಂದು ಊರಿನ ಕಟ್ಟೆಯ ಮೇಲಿದ್ದವರು ಎದ್ದು ನಿಂತು, "ಏ ಅಣ್ಣಾ, ಇಳದ ನೂಕ್ಲೇನು?" ಎಂದು ಕೂಗಿದರು. ಅಪ್ಪನ ಕಾಲು ಪೆಡಲಿನ ಮೇಲೆ ಗಟ್ಟಿಯಾಗುವುದು ನನಗೆ ಕಾಣುತ್ತಿತ್ತು.

"ಸಾವಕಾಶ," ಎಂದೆ.

"ಆ ಕೆಂಪು ಗಾಡಿ ಹೋತಲ್ಲಬೇ."

"ಹೋಗ್ಲಿ. ಅವರ ತಪ್ಪ ಅವರಿಗೆ."

ಅವನು ಕಾಲು ಸಡಿಲಿಸಿದ. ಅಷ್ಟು ದೊಡ್ಡವನು ನನ್ನ ಮಾತಿಗೆ ಕಾಲು ಸಡಿಲಿಸಿದ ಎಂಬುದು ಆ ದಿನ ನನಗಾದ ದೊಡ್ಡ ಲಾಭ. ಮುಂದಿನ ಕಲ್ಲು ಬಂದಾಗ ಕೌಂಟರು, ಗಡಿಯಾರ, ನನ್ನ ಮಗ್ಗಿ ಮೂರೂ ಒಂದೇ ಮಾತು ಹೇಳಿದವು. ಬೇಲಿಯ ಮರೆಯಲ್ಲಿ ಕೂತಿದ್ದ ಗಡಿಯಾರದವರು ಕಾರ್ಡಿನ ಮೇಲೆ ಸಮಯ ಬರೆದು ಕೊಟ್ಟರು. ವ್ಯತ್ಯಾಸ ಸೊನ್ನೆ. ಅಪ್ಪ ಆ ಕಾರ್ಡನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದ.

ಕೊನೆಯ ಏಳೆಂಟು ಕಿಲೋಮೀಟರ್ ನದಿಯ ಬದಿಯ ತಗ್ಗು ರಸ್ತೆ. ಆ ಊರುಗಳ ಜನ ಮನೆಗಳ ಬಾಗಿಲು, ತೊಲೆ ಬಿಚ್ಚಿ ಟ್ರ್ಯಾಕ್ಟರಿಗೆ ಹೇರುತ್ತಿದ್ದರು. ಆಲಮಟ್ಟಿ ಅಣೆಕಟ್ಟಿನ ನೀರು ಅಲ್ಲಿಯವರೆಗೆ ಬರುತ್ತದೆಂದು ಗೊತ್ತಾಗಿತ್ತು. ತೊಲೆ ಹೇರಿದ ಒಂದು ಟ್ರ್ಯಾಕ್ಟರು ಸಣ್ಣ ಸೇತುವೆಯ ಮೇಲೆ ಅಡ್ಡ ನಿಂತು ನಮ್ಮನ್ನು ತಡೆಯಿತು. ಅಪ್ಪ ಇಳಿದು ಅವರ ಜೊತೆ ಒಂದು ತೊಲೆ ಸರಿಸಿ ಬಂದ. ಆಮೇಲೆ ನಾನೇ "ಹೊಡಿ" ಅಂದೆ. ಬೀಳಗಿಯ ಬಯಲಿನಲ್ಲಿ ಬಾವುಟ ಕಂಡಾಗ ಒಂದು ನಿಮಿಷ ತಡವಾಗಿತ್ತು. ಒಂದು ತಪ್ಪಂಕ. ಒಟ್ಟು ಹದಿಮೂರು.

ಸಂಜೆ ಪಟ್ಟಿ ಓದಿದರು. ಹೊರಟ ಹದಿನಾಲ್ಕರಲ್ಲಿ ಹತ್ತು ಕಾರು ಪೂರಾ ಮುಟ್ಟಿದ್ದವು. ನಮ್ಮದು ಒಂಬತ್ತನೆಯದು. ಚಾಲಕನ ಹೆಸರಿನ ಕೆಳಗೆ ನ್ಯಾವಿಗೇಟರ್ ಎಂದು ನನ್ನ ಹೆಸರೂ ಇತ್ತು. ಅಪ್ಪ ಆ ಹಾಳೆಯ ಎರಡು ಪ್ರತಿ ಕೇಳಿ ಇಸಿದುಕೊಂಡ.

ನಾವು ಮನೆ ಮುಟ್ಟಿದಾಗ ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ಗಾಡಿ ತನ್ನ ಕಾಲ ಮೇಲೆ ತಾನೇ ಬಂದು ಬಾಗಿಲಲ್ಲಿ ನಿಂತಿತು. ಅವಳು ಹಾಳೆಯನ್ನು ನನ್ನಿಂದ ಓದಿಸಿದಳು.

"ಒಂಬತ್ತನೇದ್ದಾ? ನಿಮ್ಮ ಹಿಂದ ಎಷ್ಟ ಮಂದಿ ಅದಾರ?"

"ಒಂದ ಗಾಡಿ ಐತಿ," ಎಂದ ಅಪ್ಪ.

"ಐತೆಲ್ಲ. ಆತು ತಗೋರಿ." ಎದ್ದು ಒಳಗೆ ಹೋಗಿ ಪಡಸಾಲೆಯ ಹಾಸಿಗೆ, ಟ್ರಂಕು ಎಲ್ಲ ಒಂದು ಗೋಡೆಗೆ ಸರಿಸಲು ಶುರುಮಾಡಿದಳು. ಮಗ್ಗ ಯುಗಾದಿಗೆ ಬಂತು.

ಬೆಳಗಾವಿಯವರು ನಮ್ಮ ಕಡೆ ಇನ್ನೆರಡು ವರ್ಷ ರ‍್ಯಾಲಿ ಮಾಡಿದರು, ಆಮೇಲೆ ಮಾಡಲಿಲ್ಲ. ಎರಡರಲ್ಲೂ ನಾವಿದ್ದೆವು. ಒಮ್ಮೆ ಮೂರನೆಯವರಾದೆವು. ಬೀಳಗಿ ಕಡೆಯ ಆ ತಗ್ಗು ರಸ್ತೆ, ಸಣ್ಣ ಸೇತುವೆ, ತೊಲೆ ಬಿಚ್ಚುತ್ತಿದ್ದ ಊರು ಮೂರೂ ಹಿನ್ನೀರಿನಲ್ಲಿ ಮುಳುಗಿದವು. ಓಣಿಯಲ್ಲಿ ಈಗ ಮಗ್ಗದ ಸದ್ದು ಕೆಲವೇ ಮನೆಗಳಲ್ಲಿದೆ, ಜನ ಸಣ್ಣ ದನಿಯಲ್ಲಿ ಮಾತಾಡುತ್ತಾರೆ. ಹೊಸ ಮಗ್ಗಗಳು ಬಂದ ಮೇಲೆ ಅಪ್ಪನನ್ನು ಕರೆಯುವವರು ಕಡಿಮೆಯಾದರು. 2011ರಲ್ಲಿ ಅವನು ತನ್ನ ರಿಪೇರಿಯ ಪಾನಾಗಳ ಪೆಟ್ಟಿಗೆಯನ್ನು ಒಬ್ಬ ಶಿಷ್ಯನಿಗೆ ಕೊಟ್ಟ. ಈರಪ್ಪ ಕಾಕಾ ತೀರಿಕೊಂಡು ಕೆಲವು ವರ್ಷಗಳಾದವು.

ಕಾರು ಶೆಡ್ಡಿನಲ್ಲಿದೆ. 2016ರ ದಸರೆಯಲ್ಲಿ ಅಪ್ಪ ಅವ್ವನನ್ನು ಕೂಡಿಸಿಕೊಂಡು ಅದನ್ನು ಮಹಾಲಿಂಗಪುರದವರೆಗೆ ಓಡಿಸಿ, ಅದೇ ದಿನ ಮಧ್ಯಾಹ್ನ ತಿರುಗಿ ಬಂದ.