ಆ ಹಕ್ಕಿಯ ಅಪ್ಪ ಎಲ್ಲಿ ನಿಂತಿದ್ದ?

ನಿಜಗುಣಪ್ಪ ಕಾಕಾ ಟಿವಿಯ ಮುಂದೆ ಕೂತು ಒಂದು ಕಾರ್ಯಕ್ರಮವನ್ನು ಪೂರ್ತಿ ನೋಡಿದ್ದನ್ನು ನಾನು ಕಂಡದ್ದು ಒಂದೇ ಸಲ. ಅದು ಪೆಂಗ್ವಿನ್ ಹಕ್ಕಿಗಳ ಸಾಕ್ಷ್ಯಚಿತ್ರ. ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಮಧ್ಯಾಹ್ನ. ಹೆರಿಗೆಗೆಂದು ತವರಿಗೆ ಬಂದಿದ್ದ ಅವನ ಮಗಳು ಶೀತಲ ಅವತ್ತೇ ನಾಲ್ಕು ಗಂಟೆಗೆ, ಐದು ತಿಂಗಳ ಕೂಸಿನೊಂದಿಗೆ, ಕಟಕೋಳದ ಗಂಡನ ಮನೆಗೆ ಹೊರಡುವವಳಿದ್ದಳು.

ಕಾಕಾ ನನ್ನ ಅಪ್ಪನ ತಮ್ಮ. ವಯಸ್ಸು ಅರವತ್ತೆರಡು. ದೊಡವಾಡದಲ್ಲಿ ಅವನಿಗೆ ಒಂಬತ್ತು ಎಕರೆ ಎರೆಹೊಲ, ಎರಡು ಎತ್ತು, ಒಂದು ಎಮ್ಮೆ. ಊರಲ್ಲಿ ಯಾರದಾದರೂ ಆಕಳು ಕರು ಹಾಕಲಾಗದೆ ಒದ್ದಾಡುತ್ತಿದ್ದರೆ, ಬೈಲಹೊಂಗಲದಿಂದ ದನದ ಡಾಕ್ಟರು ಬರುವುದರೊಳಗೆ ಕಾಕಾನನ್ನು ಕರೆದುಕೊಂಡು ಹೋಗುತ್ತಾರೆ. ಹುಟ್ಟಿದ ಕರುವಿನ ಮೂಗು ಒರೆಸಿ, ತನ್ನ ಕಂಬಳಿಯಲ್ಲೇ ಸುತ್ತಿ, ಎದೆಗೆ ಅವಚಿಕೊಂಡು ಬೆಚ್ಚನೆಯ ಮೂಲೆಗೆ ಒಯ್ದು ಮಲಗಿಸುತ್ತಾನೆ. ಕಂಬಳಿ ಹೊಲಸಾಯಿತೆಂದು ಅವನ ಹೆಂಡತಿ, ನಮ್ಮ ಕೆಂಚವ್ವ ಚಿಗವ್ವ, ಬೈದರೆ, "ತೊಳದ್ರ ಹೋಗತೈತಿ ಬಿಡ" ಎನ್ನುತ್ತಾನೆ. ಅಷ್ಟೇ ಅವನ ಮಾತು.

ಇಂಥ ಮನುಷ್ಯ ತನ್ನ ಒಬ್ಬಳೇ ಮಗಳನ್ನು ಒಮ್ಮೆಯೂ ಎತ್ತಿಕೊಳ್ಳಲಿಲ್ಲ.

ಆಗ ನಮ್ಮದು ಹನ್ನೊಂದು ಮಂದಿಯ ಮನೆ. ಯಜಮಾನ ನಮ್ಮ ಪರಪ್ಪಜ್ಜ. ಹಿರಿಯರ ಎದುರಿಗೆ ಗಂಡಸು ತನ್ನ ಸ್ವಂತ ಮಕ್ಕಳನ್ನು ಎತ್ತಿಕೊಳ್ಳಬಾರದು ಎಂಬುದು ಮನೆಯ ಕಟ್ಟಳೆ. ಎತ್ತಿಕೊಂಡವನು ನಾಚಿಕೆಗೆಟ್ಟವನು, ಊರೆಲ್ಲ ನಗುತ್ತದೆ. ಆದರೆ ಅಣ್ಣನ ಮಕ್ಕಳನ್ನು ಎತ್ತಿಕೊಳ್ಳಬಹುದಿತ್ತು, ಅದಕ್ಕೆ ಯಾರೂ ನಗುತ್ತಿರಲಿಲ್ಲ. ಹಾಗಾಗಿ ಕಾಕಾ ನನ್ನನ್ನು ಎತ್ತಿಕೊಂಡ. ಹೊಲಕ್ಕೆ, ಹಳ್ಳಕ್ಕೆ, ಎತ್ತಿಗೆ ಲಾಳ ಕಟ್ಟಿಸಲು, ಎಲ್ಲಿಗೆ ಹೋದರೂ ನಾನು ಅವನ ಹೆಗಲ ಮೇಲೆ. ಅದೇ ಲೆಕ್ಕದಲ್ಲಿ ನನ್ನ ಅಪ್ಪ ಶೀತಲಳನ್ನು ಎತ್ತಿಕೊಳ್ಳಬೇಕಿತ್ತು. ಅವನು ಕಾಳಿನ ವ್ಯಾಪಾರಕ್ಕೆಂದು ಸವದತ್ತಿ, ರಾಮದುರ್ಗ ಎಂದು ಸಂತೆಯಿಂದ ಸಂತೆಗೆ ಅಲೆಯುತ್ತಿದ್ದ. ವಾರಕ್ಕೊಮ್ಮೆ ಮನೆಗೆ ಬಂದರೆ ಹೆಚ್ಚು.

ಒಂದು ಶ್ರಾವಣ ಸೋಮವಾರ ಚಕ್ಕಡಿ ಕಟ್ಟಿಕೊಂಡು ಸೊಗಲದ ಗುಡಿಗೆ ಹೋಗಿದ್ದೆವು. ನನಗೆ ಏಳು, ಶೀತಲಗೆ ನಾಲ್ಕು. ಮೆಟ್ಟಿಲು ಮಳೆಗೆ ನೆನೆದು ಪಾಚಿಗಟ್ಟಿದ್ದವು. ಅಜ್ಜ ಕೋಲೂರಿಕೊಂಡು ಮುಂದೆ, ನಾನು ಕಾಕಾನ ಹೆಗಲ ಮೇಲೆ, ಶೀತಲ ಅವನ ಧೋತರದ ಚುಂಗು ಹಿಡಿದುಕೊಂಡು ಹಿಂದೆ. ಅವಳು ಜಾರಿ ಬಿದ್ದಳು. ಮೊಣಕಾಲು ಒಡೆದು ರಕ್ತ ಬಂತು. ಕಾಕಾ ತಟ್ಟನೆ ಬಾಗಿ ಒಂದು ಕೈ ಚಾಚಿದ. ಅಳು ಕೇಳಿ ಅಜ್ಜ ಹಿಂದಿರುಗಿ ನೋಡಿದ. ಕಾಕಾ ಕೈ ಹಿಂದಕ್ಕೆ ತೆಗೆದುಕೊಂಡು, "ಏ, ಆಕಿನ್ನ ಎಬ್ಬಸ" ಎಂದು ಹಿಂದೆ ಬರುತ್ತಿದ್ದ ಚಿಗವ್ವನಿಗೆ ಹೇಳಿ ಮುಂದೆ ನಡೆದ.

ಅಜ್ಜ ತೀರಿಕೊಂಡಾಗ ಶೀತಲಗೆ ಎಂಟು ವರ್ಷ. ಅದೇ ವರ್ಷ ಮನೆ ಪಾಲಾಯಿತು, ಕಟ್ಟಳೆಯ ಮಾತೂ ಮುಗಿಯಿತು. ಅಂಥದೊಂದು ಕಟ್ಟಳೆ ಇತ್ತೆಂದು ನನಗೆ ಹನ್ನೆರಡನೆಯ ವಯಸ್ಸಿನಲ್ಲಿ ಅವ್ವ ಹೇಳಿದ್ದಳು. ಶೀತಲಗೆ ಯಾರೂ ಹೇಳಲಿಲ್ಲ. ಅವಳು ಧಾರವಾಡದಲ್ಲಿ ಓದುತ್ತಿದ್ದಾಗ ಒಂದು ದಿನ ಬಸ್ಸಿನಲ್ಲಿ ನನ್ನ ಪಕ್ಕ ಕೂತು, "ಅಪ್ಪಗ ಗಂಡಸಮಗ ಬೇಕಾಗಿತ್ತಣ್ಣಾ. ನಾ ಹುಟ್ಟಿದೆ. ಅದಕ್ಕ ನಿನ್ನ ಹೊತಗೊಂಡು ತಿರಗಿದ" ಎಂದಿದ್ದಳು. ಹಾಗಲ್ಲ ಎಂದು ನಾನು ಅವತ್ತೇ ಹೇಳಬಹುದಿತ್ತು. ಕಾಕಾನ ಹೆಗಲು ನನ್ನದೇ ಆಗಿತ್ತು ಎಂಬುದು ಒಳಗೊಳಗೇ ನನಗೆ ಹಿತವಾಗಿತ್ತು. ಕಿಟಕಿಯಾಚೆ ನೋಡುತ್ತ ಸುಮ್ಮನಿದ್ದೆ.

ಮೊಮ್ಮಗಳು ಹುಟ್ಟಿದ ಮೇಲೆ ಕಾಕಾ ಕೂಸನ್ನು ಎತ್ತಿಕೊಳ್ಳುತ್ತಿದ್ದ. ಆದರೆ ಪಡಸಾಲೆಯಲ್ಲಿ ಯಾರೂ ಇಲ್ಲದಾಗ ಮಾತ್ರ. ಹೊರಗೆ ಯಾರದೋ ಚಪ್ಪಲಿಯ ಸಪ್ಪಳವಾದರೆ ತೊಟ್ಟಿಲಿಗೆ ಇಟ್ಟುಬಿಡುತ್ತಿದ್ದ. ಅಜ್ಜ ಹೋಗಿ ಇಪ್ಪತ್ತು ವರ್ಷವಾಗಿತ್ತು.

ಆ ಭಾನುವಾರ ಟಿವಿ ಹಚ್ಚಿದ್ದು ಶೀತಲ. ಕೂಸು ಮಲಗಿತ್ತು. ಚಿಗವ್ವ ಮಗಳಿಗೆ ಕಟ್ಟಿಕೊಡಲು ಅಂಟಿನುಂಡಿಯನ್ನು ಡಬ್ಬಿಗೆ ತುಂಬುತ್ತಿದ್ದಳು. ವಿವರಣೆ ಇಂಗ್ಲಿಷಿನಲ್ಲಿದ್ದುದರಿಂದ ನಾನು ಹೇಳುತ್ತ ಹೋದೆ.

"ಇವ್ಯಾವ ಹಕ್ಕೆಪ್ಪಾ?" ಎಂದಳು ಚಿಗವ್ವ. "ಬೈಲಹೊಂಗಲ ಕೋರ್ಟಿನ ವಕೀಲರು ಊಟಕ್ಕ ಹೊರಗ ಬಂದಂಗ ಕಾಣತಾವ."

"ಹೊಟ್ಟಿ ನೋಡಿದ್ರ ಊಟಾ ಮುಗಿಸೇ ಬಂದಾರಬೇ" ಎಂದು ಶೀತಲ ನಕ್ಕಳು.

"ಹೆಣ್ಣು ತತ್ತಿ ಇಟ್ಟು, ಗಂಡಿನ ಕೈಯಾಗ ಕೊಟ್ಟು, ಸಮುದ್ರಕ್ಕ ಹೋಗಿಬಿಡತೈತಿ" ಎಂದೆ. "ಹೊಳ್ಳಿ ಬರೂದು ಎರಡು ತಿಂಗಳಿಗೆ. ಅಲ್ಲಿತನಕಾ ತತ್ತಿ ಗಂಡಿನ ಪಾದದ ಮ್ಯಾಲೆ."

"ನೆಲಕ್ಕ ಇಟ್ರ?" ಬಾಗಿಲ ಬಳಿ ಹಗ್ಗ ಹೊಸೆಯುತ್ತಿದ್ದ ಕಾಕಾ ಕೇಳಿದ. ಅವನು ನೋಡುತ್ತಿದ್ದಾನೆಂದು ನಮಗಾರಿಗೂ ಗೊತ್ತಿರಲಿಲ್ಲ.

"ಎಲ್ಲಾ ಬರ್ಫ ಐತಿ ಕಾಕಾ. ಇಟ್ಟರ ತತ್ತಿ ಸೆಟದು ಹೋಗತೈತಿ."

"ಮತ್ತ ಎರಡು ತಿಂಗಳು ಇವಾ ಏನ ತಿಂತಾನ?"

"ಏನೂ ಇಲ್ಲ. ಉಪಾಸ."

"ನೋಡ್ರಿ, ನೋಡಿ ಕಲೀರಿ" ಎಂದಳು ಚಿಗವ್ವ ಗಂಡನಿಗೆ. "ನಮ್ಮ ಮನ್ಯಾಗ ರೊಟ್ಟಿ ಅರ್ಧಾ ತಾಸು ತಡಾ ಆದ್ರ ಪರಾತ ಬಡದು ಓಣಿ ಎಬ್ಬಸತಾರ."

ಕಾಕಾ ನಗಲಿಲ್ಲ. ಹಗ್ಗವನ್ನು ಅಲ್ಲೇ ಬಿಟ್ಟು ಬಂದು ಟಿವಿಯ ಮುಂದೆ ಕೂತ. ಬಿರುಗಾಳಿ ಬೀಸುತ್ತಿತ್ತು. ನೂರಾರು ಗಂಡು ಹಕ್ಕಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಆಮೇಲೆ ತತ್ತಿ ಒಡೆಯಿತು. ಒಂದು ಹಕ್ಕಿ ಹೊಟ್ಟೆಯ ತೊಗಲನ್ನು ಸ್ವಲ್ಪ ಮೇಲೆತ್ತಿತು. ಅದರ ಪಾದಗಳ ಮೇಲೆ ಬೂದು ಬಣ್ಣದ ಮರಿ ಕೂತಿತ್ತು.

"ತಮ್ಮಾ, ಇವನ ಅಪ್ಪ ಎಲ್ಲೆದಾನ?" ಎಂದ ಕಾಕಾ.

"ಇವನೇ ಅಪ್ಪ, ಕಾಕಾ. ಮರಿ ಹಿಡಕೊಂಡು ನಿಂತಾನಲ್ಲ, ಇವನೇ."

"ಮರೀ ಅಪ್ಪ ಅಲ್ಲೋ. ಈ ನಿಂತವನ ಅಪ್ಪ. ಹಿರ್ಯಾ."

"ಇದ ಗುಂಪಿನ್ಯಾಗ ಇದ್ರೂ ಇರಬಹುದು" ಎಂದೆ.

"ಹಂಗಾರ ಅವನ ಮುಂದನ ಎತಗೊಂಡು ನಿಂತಾನ?"

ಶೀತಲ ಜೋರಾಗಿ ನಕ್ಕಳು. "ಹಕ್ಕಿಗೆ ಎಲ್ಲಿ ಹಿರ್ಯಾ, ಎಲ್ಲಿ ಕಿರ್ಯಾ? ನಿನ್ನ ಮಾತರ ಏನಪ್ಪಾ!"

"ಅಲ್ಲ, ಯಾರೂ ನಗವಲ್ರು. ಅದಕ್ಕ ಕೇಳಿದೆ" ಎಂದ ಕಾಕಾ.

ಚಿಗವ್ವನ ಕೈ ಡಬ್ಬಿಯ ಮೇಲೆ ನಿಂತಿತು. ಶೀತಲ ನಗು ನಿಲ್ಲಿಸಿ ಒಮ್ಮೆ ಅವ್ವನನ್ನು, ಒಮ್ಮೆ ನನ್ನನ್ನು ನೋಡಿದಳು. ಬಸ್ಸಿನಲ್ಲಿ ಹೇಳದ್ದನ್ನು ನಾನು ಆಗ ಹೇಳಿದೆ. ಅಜ್ಜನ ಮುಂದೆ ಕಾಕಾ ಅವಳನ್ನು ಎತ್ತಿಕೊಳ್ಳುವ ಹಾಗಿರಲಿಲ್ಲ, ನಾನು ಅಣ್ಣನ ಮಗನಾದ್ದರಿಂದ ನಡೆಯುತ್ತಿತ್ತು ಎಂದೆ.

"ಹುಡಗ ಅಂತ ಅಲ್ಲ?"

"ಅಲ್ಲ."

"ನಿನಗ ಯಾವಾಗ ಗೊತ್ತಾತು?"

"ಭಾಳ ವರ್ಷಾತು."

"ಭಾಳ ವರ್ಷಾತು" ಎಂದು ಅವಳು ನನ್ನ ಮಾತನ್ನೇ ಮೆಲ್ಲಗೆ ಹೇಳಿ ಅಪ್ಪನ ಕಡೆ ತಿರುಗಿದಳು. "ಸೊಗಲದಾಗ ನೀ ಕೈ ಮುಂದ ಮಾಡಿ ಹಿಂದ ತಗೊಂಡಿ. ನನಗ ನೆನಪೈತಿ. ಆಗ ನಾಕ ವರ್ಷದಾಕಿ ನಾ."

"ನಿಮ್ಮಜ್ಜ ಹೊಳ್ಳಿ ನೋಡಿದ್ದವಾ" ಎಂದ ಕಾಕಾ. ನೆಲ ನೋಡುತ್ತ ಹೇಳಿದ. "ಹಾದಿ ಪೂರ್ತಿ ನೀ ಅಳೂದು ಕೇಳಿಸ್ತಿತ್ತು."

"ಅಜ್ಜ ಸತ್ತಾಗ ನನಗ ಎಂಟು. ಆಮ್ಯಾಲೆ?"

"ಎಂಟು ವರ್ಷದಾಕಿನ್ನ ಹ್ಯಾಂಗ ಎತಗೊಳ್ಳಲಿ?"

"ಎತಗೊಳ್ಳೂದು ಬ್ಯಾಡಪ್ಪಾ. ಬಾಜೂಕ ಕುಂದ್ರಿಸಿಕೊಂಡು ನಾಕ ಮಾತಾಡಿದ್ರ ಸಾಕಾಗಿತ್ತು."

ಟಿವಿಯಲ್ಲಿ ಹೆಣ್ಣು ಹಕ್ಕಿಗಳು ಸಾಲಾಗಿ ತಿರುಗಿ ಬರುತ್ತಿದ್ದವು. ಅದನ್ನು ವಿವರಿಸುವಂತೆ ಯಾರೂ ಕೇಳಲಿಲ್ಲ. "ದೂರ ಇದ್ದು ರೂಢಿ ಆಗಿಬಿಟ್ಟಿತ್ತು" ಎಂದ ಕಾಕಾ ಕೊನೆಗೆ. "ಹ್ಯಾಂಗ ಚಾಲೂ ಮಾಡೂದು ಅನ್ನೂದು ತಿಳೀಲಿಲ್ಲ."

ಶೀತಲ ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. ಎದ್ದು ಹೋಗಿ ಕೂಸಿನ ಬಟ್ಟೆ ಮಡಿಚತೊಡಗಿದಳು. ಮಡಿಚಿದ್ದನ್ನೇ ಬಿಚ್ಚಿ ಮತ್ತೆ ಮಡಿಚಿದಳು.

ನಾಲ್ಕು ಗಂಟೆಗೆ ಅಳಿಯ ಸಿದ್ಧಾರೂಢ ಕಾರು ತಂದ. ಚಪ್ಪಲಿ ಬಿಟ್ಟವನೇ ಮಾವನ ಎದುರಿಗೇ ಮಗಳನ್ನು ತೊಟ್ಟಿಲಿನಿಂದ ಎತ್ತಿ, ಹೆಗಲಿಗೆ ಹಾಕಿಕೊಂಡು, "ಏನ್ ಬಾಯಿಸಾಹೇಬ್ರ, ಅಜ್ಜನ ಮನಿ ಬಿಟ್ಟು ಬರತೀರಿಲ್ಲೋ?" ಎಂದು ಮಾತಾಡಿಸಿದ. ಕಾಕಾ ಅವನನ್ನೇ ನೋಡುತ್ತ ನಿಂತ. ಚಿಗವ್ವ ಮಗಳ ಉಡಿ ತುಂಬಿದಳು. ಶೀತಲ ಅಪ್ಪನ ಕಾಲು ಮುಟ್ಟಿ ನಮಸ್ಕರಿಸಿದಳು. ಅವನು ಕೈಯನ್ನು ಅವಳ ತಲೆಯವರೆಗೆ ತಂದ. ಸೆರಗಿಗೆ ತಾಗಿತೋ ಇಲ್ಲವೋ, ನನಗೆ ಕಾಣಲಿಲ್ಲ.

ಕಾರು ಹೊರಡುವಾಗ ಅವನು ಕಿಟಕಿಯ ಹತ್ತಿರ ಹೋದ.

"ಮುಟ್ಟಿದ ಕೂಡಲೇ ಫೋನ್ ಹಚ್ಚವಾ."

"ಅವ್ವಗ ಹಚ್ಚತೇನಿ."

"ನನಗ ಹಚ್ಚು."

ಶೀತಲ ಅವನ ಮುಖ ನೋಡಿ ಹೂಂ ಎಂದಳು.

ಆಮೇಲೆ ಕಾಕಾ ಹೊಲಕ್ಕೆ ಹೋಗಲಿಲ್ಲ. ಮೊಬೈಲನ್ನು ಅಂಗಿಯ ಜೇಬಿನಿಂದ ತೆಗೆದು ಕಟ್ಟೆಯ ಮೇಲಿಟ್ಟುಕೊಂಡು ಕೂತ. ಹಾದಿಯಲ್ಲಿ ಹೋಗುವವರು ಮಾತಾಡಿಸಿದರೆ ತಲೆಯಾಡಿಸಿದ. ಆರೂವರೆಗೆ ಫೋನು ಬಂತು. ಮೊದಲ ಸದ್ದಿಗೇ ಎತ್ತಿದ. ನಾನು ಪಕ್ಕದಲ್ಲೇ ಇದ್ದುದರಿಂದ ಅವಳ ದನಿಯೂ ಕೇಳುತ್ತಿತ್ತು.

"ಮುಟ್ಟಿದ್ವಿ ಅಪ್ಪಾ."

"ಹೂಂ."

"ಕೂಸು ಹಾದಿಪೂರ್ತಿ ಮಲಗಿತ್ತು."

"ಹೂಂ. ಚೊಲೋ ಆತು."

ಆಮೇಲೂ ಅವಳು ಫೋನು ಇಡಲಿಲ್ಲ. ಅವಳ ಉಸಿರು, ಅಲ್ಲಿಯ ಮನೆಯ ಪಾತ್ರೆಗಳ ಸದ್ದು, ಯಾರೋ ಕೂಸನ್ನು ಕರೆಯುವುದು, ಎಲ್ಲ ಕೇಳುತ್ತಿತ್ತು. ಕಾಕಾ ಎರಡು ಸಲ ಬಾಯಿ ತೆರೆದ. ಏನೋ ಹೇಳುವವನಂತೆ ನನ್ನ ಕಡೆ ನೋಡಿದ. ನಾನು ಮಾತಾಡು ಎಂದು ಸನ್ನೆ ಮಾಡಿದೆ. ಅವನು ಇನ್ನಷ್ಟು ಹೊತ್ತು ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದು, ಆಮೇಲೆ ಎದ್ದು ಒಳಗೆ ನಡೆದ.

"ತಗೊ, ನೀ ಮಾತಾಡು" ಎಂದು ಅದನ್ನು ಚಿಗವ್ವನ ಕೈಗೆ ಕೊಟ್ಟ.