ಕೇಸ್ ಪೇಪರ್ ಇಲ್ಲದ ಮನುಷ್ಯ

ಮದುವೆಯಾಗಿ ಇಪ್ಪತ್ತನಾಲ್ಕು ವರ್ಷಗಳಲ್ಲಿ ಕುಸುಮಾವತಿ ಯಾವ ಡಾಕ್ಟರಿಗೂ ಫೀಸು ಕೊಟ್ಟವಳಲ್ಲ. ಡಾಕ್ಟರ ಮನೆಯವರಿಂದ ಡಾಕ್ಟರು ದುಡ್ಡು ಮುಟ್ಟುವುದಿಲ್ಲ, ಅದು ಆ ಕಸುಬಿನ ಕಟ್ಟಳೆ. ಕಣ್ಣಿಗೊಬ್ಬ ಗೆಳೆಯ, ಹಲ್ಲಿಗೊಬ್ಬ ಗೆಳೆಯ. ದೀಪಾವಳಿಗೆ ಒಂದು ಡಬ್ಬಿ ಕಾಜು ಕತ್ಲಿ ಕಳಿಸಿದರೆ ಋಣ ತೀರಿತು. ಗಂಡ ದೀಪಕನ ದವಾಖಾನೆ ನಾಶಿಕದ ಪಕ್ಕದ ದೇವಳಾಲಿ ಕ್ಯಾಂಪಿನಲ್ಲಿ. ಕುಂದಾಪುರದ ಕಡೆಯಿಂದ ಬಂದು ನಾಶಿಕದಲ್ಲಿ ಹೋಟೆಲ್ ಇಟ್ಟಿದ್ದ ಅವಳ ಅಪ್ಪ ಕಿಟ್ಟಣ್ಣ, ಡಾಕ್ಟರ್ ಅಳಿಯ ಸಿಕ್ಕಿದ ಮೇಲೆ ಮದ್ದಿನ ಚಿಂತೆಯೇ ಇಲ್ಲವೆಂದು ಗಿರಾಕಿಗಳಿಗೆಲ್ಲ ಹೇಳಿಕೊಂಡಿದ್ದರು.

ಚಿಂತೆ ಇರಲಿಲ್ಲ ನಿಜ. ಆರು ವರ್ಷಗಳ ಹಿಂದೆ ದೀಪಕನ ಎದೆಬಡಿತ ತಾಳ ತಪ್ಪತೊಡಗಿದಾಗ ಅವನು ಯಾರ ಹತ್ತಿರವೂ ಹೋಗಲಿಲ್ಲ. ತನ್ನ ನಾಡಿ ತಾನೇ ನೋಡಿಕೊಂಡ. ಔಷಧ ಕಂಪನಿಯವರು ಬಿಟ್ಟುಹೋಗುವ ಸ್ಯಾಂಪಲ್ ಮಾತ್ರೆಗಳಲ್ಲಿ ಬಿಪಿಗೆ ಒಂದು, ರಕ್ತ ತೆಳುವಾಗಿಸಲು ಒಂದು ಆರಿಸಿಕೊಂಡು ನುಂಗತೊಡಗಿದ. ಚೀಟಿ ಇಲ್ಲ, ಬಿಲ್ಲು ಇಲ್ಲ, ಅವನ ಹೆಸರಿನ ಕೇಸ್ ಪೇಪರ್ ಯಾವ ಆಸ್ಪತ್ರೆಯಲ್ಲೂ ಇಲ್ಲ. ಊರಿನವರನ್ನೆಲ್ಲ ತಪಾಸಣೆ ಮಾಡಿಸಿಕೊಳ್ಳಿ ಎಂದು ಗದರಿಸುವವನ ಹೆಸರೇ ದೀಪಕ. ಬುಡದಲ್ಲಿ ಕತ್ತಲೆ ಇರದೆ ಇನ್ನೇನು?

ಮಗಳು ಪೂಜಿತಾಳನ್ನು ಸಂಭಾಜಿನಗರದ ಮೆಡಿಕಲ್ ಕಾಲೇಜಿಗೆ ಸೇರಿಸಲು ಮನೆಯನ್ನು ಅಡವಿಟ್ಟು ಸಾಲ ತೆಗೆದ ಮೇಲೆ ಅವನಿಗೆ ಮೊದಲ ಸಲ ಹೆದರಿಕೆಯಾಯಿತು. ಆರೋಗ್ಯ ವಿಮೆ ಮಾಡಿಸಿದ. ಯಾವುದಾದರೂ ಕಾಯಿಲೆಗೆ ಚಿಕಿತ್ಸೆ ನಡೆದಿದೆಯೇ ಎಂದು ಫೋನಿನಲ್ಲಿ ಕೇಳಿದ ಹುಡುಗಿಗೆ, "ನಾನು ಯಾವ ಡಾಕ್ಟರ ಹತ್ತಿರವೂ ಹೋದವನಲ್ಲ" ಎಂದ. ಅಕ್ಷರಶಃ ನಿಜವೇ. ವಾರವಾರವೂ ಅವನ ಮಾತ್ರೆ ಡಬ್ಬಿ ತುಂಬುತ್ತಿದ್ದ ಕುಸುಮಾವತಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಆ ವಾರದ ಡಬ್ಬಿಯನ್ನೂ ತುಂಬಿಟ್ಟಳು.

ಈ ಮಾರ್ಚಿನಲ್ಲಿ ಇಬ್ಬರೂ ಮಗಳನ್ನು ನೋಡಲು ಹೊರಟಿದ್ದರು. ದಾರಿಯಲ್ಲಿ ವೈಜಾಪುರ ದಾಟುತ್ತಲೇ ದೀಪಕ ಕಾರನ್ನು ಬದಿಗೆ ಹಾಕಿ ಎದೆ ಹಿಡಿದುಕೊಂಡ. ಮೈಯೆಲ್ಲ ಬೆವರು. ಯಾರೋ ಪುಣ್ಯಾತ್ಮರು ಸ್ಟೀರಿಂಗ್ ಹಿಡಿದು ಸಂಭಾಜಿನಗರದ ದೊಡ್ಡ ಆಸ್ಪತ್ರೆಗೆ ಮುಟ್ಟಿಸುವವರೆಗೂ ಕುಸುಮಾವತಿಯ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಅಲ್ಲಿ ಗೆಳೆಯರಿಲ್ಲ, ಕಾಜು ಕತ್ಲಿ ನಡೆಯುವುದಿಲ್ಲ. ಕೌಂಟರಿನವನು ಮೊದಲು ಕೇಳಿದ್ದೇ ವಿಮೆಯ ಕಾರ್ಡು.

ಇಸಿಜಿ ನೋಡಿದ ಎಳೆಯ ಡಾಕ್ಟರ್ ಮರಾಠಿಯಲ್ಲಿ ಕೇಳಿದ: ಬಿಪಿ ಇದೆಯೇ? ರಕ್ತ ತೆಳುವಾಗಿಸುವ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಾರೆಯೇ? ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬೇಕು, ಬೇಗ ಹೇಳಿ.

ದೀಪಕ ಇಲ್ಲವೆಂದು ತಲೆಯಾಡಿಸಿದ. ಆಮೇಲೆ ಹೆಂಡತಿಯ ಕೈ ಹಿಡಿದು ಕನ್ನಡದಲ್ಲಿ ಪಿಸುಗುಟ್ಟಿದ. ನಾಲ್ಕು ಜನರ ನಡುವೆ ಗುಟ್ಟು ಮಾತಾಡಲು ಮರಾಠಿ ಊರಿನಲ್ಲಿ ಇವರಿಗಿದ್ದ ಹಳೆಯ ಉಪಾಯ ಅದು.

"ಮಾತ್ರೆ ವಿಷಯ ಹೇಳುದು ಬೇಡ. ಹಳೆ ಕಾಯಿಲೆ ಅಂತ ಇಲ್ಲಿ ಬರ್ದ್ರೆ ವಿಮೆ ಸಿಕ್ಕುದಿಲ್ಲ. ಮನೆ ಹೋಗ್ತದೆ."

"ನಿಮ್ಗೆ ಎಂತಾರೂ ಆದ್ರೆ?"

"ನಾನು ಡಾಕ್ಟ್ರಲ್ವಾ, ನಂಗೆ ಗೊತ್ತುಂಟು."

ಅವನ ಕಣ್ಣಲ್ಲಿ ಡಾಕ್ಟರ್ ಇರಲಿಲ್ಲ, ಹೆದರಿದ ಒಬ್ಬ ರೋಗಿ ಇದ್ದ. ಕುಸುಮಾವತಿಗೆ ಅತ್ತ ದರಿ, ಇತ್ತ ಪುಲಿ. ಅವಳಿಗೆ ಕಂಡದ್ದು ದೇವಳಾಲಿಯ ಮನೆ, ಪೂಜಿತಾಳ ಇನ್ನುಳಿದ ಮೂರು ವರ್ಷ. "ಇಲ್ಲ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಅಷ್ಟರಲ್ಲಿ ಸ್ಟ್ರೆಚರಿನ ತಲೆದೆಸೆಗೆ ನಿಂತಿದ್ದ ಆಯಾ ಕುಸುಮಾವತಿಯ ಕಿವಿಯ ಹತ್ತಿರ ಬಗ್ಗಿದಳು. ಅವಳ ಎದೆಯ ಮೇಲಿನ ಚೀಟಿಯಲ್ಲಿ ಯಮನವ್ವ ಎಂದಿತ್ತು.

"ಅಕ್ಕಾರ, ನಾ ಬಿಜಾಪುರದಾಕಿ ಅದೀನ್ರಿ. ನೀವು ಹೇಳ್ತೀರೋ, ನಾ ಹೇಳ್ಲೋ?"

ಕುಸುಮಾವತಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಬ್ಯಾಗಿನಿಂದ ಮಾತ್ರೆ ಡಬ್ಬಿ ತೆಗೆದು ಡಾಕ್ಟರ ಕೈಗಿಟ್ಟಳು. "ಆರು ವರ್ಷದಿಂದ, ದಿನಾ. ಇವತ್ತು ಬೆಳಿಗ್ಗೆಯೂ ನಾನೇ ಕೊಟ್ಟೆ," ಎಂದು ಮರಾಠಿಯಲ್ಲಿ ಹೇಳಿದಳು. ದೀಪಕ ಮುಖವನ್ನು ಗೋಡೆಗೆ ತಿರುಗಿಸಿದ.

ಡಾಕ್ಟರ್ ಒಂದು ಮಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿದ. ಟ್ರೇಯಲ್ಲಿ ಸಿದ್ಧವಾಗಿದ್ದ ಇಂಜೆಕ್ಷನ್ನನ್ನು ದೂರ ಸರಿಸಲು ಹೇಳಿ, ಆಂಜಿಯೋಪ್ಲಾಸ್ಟಿಗೆ ಒಯ್ಯಿರಿ ಎಂದ. "ಇದನ್ನು ಕೊಟ್ಟಿದ್ದರೆ ತಲೆಯೊಳಗೇ ರಕ್ತನಾಳ ಒಡೆಯಬಹುದಿತ್ತು," ಎಂದು ಗೊಣಗುತ್ತ ಕೇಸ್ ಪೇಪರಿನಲ್ಲಿ ಆರು ವರ್ಷ ಎಂದು ಬರೆದ. ಆ ಒಂದು ಸಾಲಿನಿಂದ ವಿಮೆಯೂ ಹೋಯಿತು, ಮನೆಯೂ ಹೋಗಲಿದೆ ಎಂದು ಕುಸುಮಾವತಿಗೆ ಗೊತ್ತಿತ್ತು.

ಸ್ಟ್ರೆಚರ್ ಲಿಫ್ಟಿನೊಳಗೆ ಹೋಗಿ ಬಾಗಿಲು ಮುಚ್ಚಿದ ಮೇಲೆ ಅವಳು ಗೋಡೆಗೊರಗಿ ಕುಳಿತಳು. ವೈಜಾಪುರದಿಂದ ಇಲ್ಲಿಯವರೆಗೂ ತಾನು ಹೆದರಿದ್ದರಲ್ಲಿ ಅರ್ಧ ದುಡ್ಡಿಗಾಗಿಯೇ ಎಂದು ಅವಳಿಗೆ ಆಗ ಹೊಳೆಯಿತು. ಗಂಡನಿಗಾಗಿ ಪೂರ್ತಿಯಾಗಿ ಹೆದರಲು ಶುರುಮಾಡಿದ್ದು ಆ ಗಳಿಗೆಯಿಂದ.