ಲಕ್ಕಿ ಸೊಪ್ಪಿನ ಮುಲಾಮು

ರಾಮನಗರದಲ್ಲಿ ಬೆಳಗಿನ ರೈಲು ಹತ್ತುವಾಗಲೆಲ್ಲ ಮಮತಾಳಿಗೆ ಒಂದೇ ಯೋಚನೆ. ಈ ಹೊತ್ತಿಗೆ ಅವ್ವ ಬಿಸಿನೀರಿಗೆ ಕೈ ಇಟ್ಟಿರುತ್ತಾಳೆ. ತಾಯಿ ಮಾರಮ್ಮ ಮದುವೆಯಾಗಿ ಬಂದಾಗಿನಿಂದ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಘಟಕದಲ್ಲಿ ದುಡಿದವಳು. ಬೆಂದ ಗೂಡು ತೇಲುವ ನೀರಿನಲ್ಲಿ ಬೆರಳಾಡಿಸಿ ಎಳೆ ಹಿಡಿಯಬೇಕು. ಆ ನೀರು ಅವಳ ಬೆರಳ ಸಂದುಗಳನ್ನು ಕೆಂಪಗೆ ಊದಿಸಿ, ಸಿಪ್ಪೆ ಎಬ್ಬಿಸಿ, ಬಿರುಕು ಬಿಡಿಸಿತ್ತು. ನವೆ ತಡೆಯಲಾರದೆ ಅಂಗೈಯನ್ನು ಹೊಸ್ತಿಲಿಗೆ ಉಜ್ಜುತ್ತಿದ್ದಳು.

ಬೆಂಗಳೂರಿನ ಕಾಲೇಜೊಂದರಲ್ಲಿ ಸಂಶೋಧನೆಗೆ ಸೇರಿದ ಮಗಳು ಆರಿಸಿಕೊಂಡ ವಿಷಯವೂ ಇದಕ್ಕೆ ಸಂಬಂಧಿಸಿದ್ದೇ. ಲಕ್ಕಿ ಸೊಪ್ಪಿನಲ್ಲಿರುವ ಯಾವ ಅಂಶ ಚರ್ಮದ ಉರಿಯೂತ ತಗ್ಗಿಸುತ್ತದೆ ಎಂದು ಹುಡುಕುವುದು. ಮಾಗಡಿ ಕಡೆಯ ಕಲ್ಯ ಎಂಬ ಊರಿನ ಬೇಲಿಗಳಿಂದ ಸೊಪ್ಪು ತಂದಳು, ನೆರಳಲ್ಲಿ ಒಣಗಿಸಿದಳು, ಸಾರ ತೆಗೆದು ಅದರಿಂದ ಒಂದೊಂದೇ ಅಂಶವನ್ನು ಬೇರ್ಪಡಿಸಿದಳು. ಅವುಗಳಲ್ಲೊಂದು, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಚರ್ಮದ ಜೀವಕೋಶಗಳಲ್ಲಿ ಉರಿಯೂತವನ್ನು ಚೆನ್ನಾಗಿಯೇ ಇಳಿಸಿತು. ಸಂತೋಷ ತಡೆಯದೆ ಮನೆಯಲ್ಲಿ ಹೇಳಿಬಿಟ್ಟಳು.

ಮರುದಿನ ಸಂಜೆ, ಅವ್ವನ ಪಕ್ಕದಲ್ಲೇ ಕೂತು ನೂಲು ತೆಗೆಯುವ ಸಫೂರಾ ಬಾಗಿಲಲ್ಲಿ ನಿಂತಿದ್ದಳು.

“ಔಸ್ದಿ ಕಂಡುಹಿಡ್ದಿದ್ದೀಯಂತೆ. ನಂಗೂ ಒಸಿ ಕೊಡವ್ವ,” ಎಂದು ಎರಡೂ ಕೈ ಚಾಚಿದಳು.

“ಇನ್ನೂ ಔಸ್ದಿ ಆಗಿಲ್ಲ ಸಫೂರಕ್ಕ. ತಟ್ಟೇಲಿ ಕೆಲ್ಸ ಮಾಡಿದ್ದು ಮನುಸ್ರ ಮೈಮೇಲೆ ಹೆಂಗೋ ಏನೋ.”

“ಸೊಪ್ಪು ತಾನೆ ಮಗ,” ಎಂದಳು ಮಾರಮ್ಮ ಒಳಗಿಂದ. “ನಮ್ಮವ್ವ ಬಾಣಂತೀರ್ಗೆ ಲಕ್ಕಿ ಸೊಪ್ಪಿನ ನೀರೇ ಹುಯ್ಯೋಳು. ಅದೇನ್ ಮಾಡ್ತದೆ?”

ಮಮತಾ ಬೇಡವೆಂದು ತಲೆಯಾಡಿಸಿದಳು. ಸಫೂರಾ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು ಹೋದಳು.

ಇಲಿಗಳ ಮೇಲೆ ಪರೀಕ್ಷಿಸಲೆಂದು ಆ ಅಂಶ ಬೆರೆಸಿದ ಮುಲಾಮು ತಯಾರಾಯಿತು. ಪರೀಕ್ಷೆಗೆ ಒಪ್ಪಿಗೆ ಬರಲು ಮಾತ್ರ ತಿಂಗಳುಗಟ್ಟಲೆ ಕಾಯಬೇಕಿತ್ತು. ಒಂದು ದಿನ ಅವಳು ಯಾರಿಗೂ ಹೇಳದೆ ಚಿಕ್ಕ ಡಬ್ಬಿಯೊಂದನ್ನು ಬ್ಯಾಗಿಗೆ ಹಾಕಿಕೊಂಡಳು. ರೈಲಿನಲ್ಲಿ ಸೀಟಿದ್ದರೂ ಕೂರಲಾಗದೆ ಬಾಗಿಲ ಬಳಿಯೇ ನಿಂತು ಬಂದಳು.

ಅವ್ವ ಬೆರಳುಗಳಿಗೆ ಗಾಳಿ ಊದಿಕೊಳ್ಳುತ್ತ ಕೂತಿದ್ದಳು. ಮಮತಾ ಮುಚ್ಚಳ ತೆಗೆದು ಅವಳ ಕೈ ಹಿಡಿದಳು. ಯಾಕೋ ಧೈರ್ಯ ಸಾಲದೆ ಕೈಬಿಟ್ಟು, ತನ್ನ ತೋಳಿಗೇ ಸವರಿಕೊಂಡಳು.

“ನಂಗಲ್ವ?”

“ಮೊದ್ಲು ನಂಗಾಗ್ಲಿ, ಇರವ್ವ.”

ಬೆಳಗಾಗುವಷ್ಟರಲ್ಲಿ ಹಚ್ಚಿದ ಜಾಗ ಗುಳ್ಳೆ ಎದ್ದು ಸುಟ್ಟಂತೆ ಉರಿಯುತ್ತಿತ್ತು. ಮಾರಮ್ಮ ಮಗಳ ತೋಳನ್ನು ತಿರುಗಿಸಿ ನೋಡಿದಳು, ಆಮೇಲೆ ತನ್ನ ಬಿರುಕು ಬಿಟ್ಟ ಬೆರಳುಗಳನ್ನು ನೋಡಿಕೊಂಡಳು. ಕೆಲಸಕ್ಕೆ ಹೊರಟಳು.

ಮಾರ್ಗದರ್ಶಕರಾದ ಅನಂತರಾಜು ಅವರಿಗೆ ಮಮತಾ ತೋಳು ತೋರಿಸಿ ನಡೆದದ್ದನ್ನು ಹೇಳಿದಳು.

“ಡಬ್ಬಿ ಆಚೆ ತಗೊಂಡು ಹೋಗಿದ್ದೇ ತಪ್ಪು. ನಿಮ್ಮ ತಾಯಿ ಕೈಗೆ ಹಚ್ಚಿದ್ದರೆ?” ಎಂದರು ಅವರು. ಕೆಲವು ದಿನ ಪ್ರಯೋಗಾಲಯದ ಕಡೆ ಬರಬೇಡವೆಂದೂ ಹೇಳಿದರು. ಆಮೇಲೆ ಪರೀಕ್ಷಿಸಿದಾಗ ತಿಳಿದದ್ದಿಷ್ಟು: ಗುಳ್ಳೆ ಎಬ್ಬಿಸಿದ್ದು ಲಕ್ಕಿಯ ಅಂಶವಲ್ಲ, ಅದನ್ನು ಕರಗಿಸಲು ಬಳಸಿದ ದ್ರವ. ಮುಲಾಮನ್ನು ಮೊದಲಿಂದ ಮಾಡಬೇಕಾಯಿತು.

ತೋಳಿಗೆ ಗುಳ್ಳೆ ಎದ್ದ ವಾರವೇ ಅವಳು ಅವ್ವನನ್ನೂ ಸಫೂರಾಳನ್ನೂ ಚರ್ಮದ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಅವರು ಕೊಟ್ಟ ಟ್ಯೂಬಿನ ಮುಲಾಮಿನಿಂದ ಕೆಲವೇ ದಿನಗಳಲ್ಲಿ ಕೆಂಪು ಇಳಿಯಿತು. ಮಮತಾಳಿಗೆ ನೆಮ್ಮದಿಯಾಯಿತು, ಜೊತೆಗೇ ತನ್ನ ಮುಲಾಮು ಮಾಡದ್ದನ್ನು ಇದು ಮಾಡಿತಲ್ಲ ಎಂದು ಒಳಗೆಲ್ಲೋ ಚುಚ್ಚಿತು. ಅದನ್ನು ಹೆಚ್ಚು ದಿನ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೈಗವಸು ಹಾಕಿ ಕೆಲಸ ಮಾಡಿ ಎಂದಿದ್ದರು ಡಾಕ್ಟರು. ಮಾರಮ್ಮ ಹಾಕಿ ನೋಡಿದಳು.

“ಎಳೆ ಬೆರಳಿಗೆ ತಾಕಾಕಿಲ್ಲ ಮಗ,” ಎಂದು ಬಿಚ್ಚಿಟ್ಟಳು.

ಟ್ಯೂಬು ನಿಲ್ಲಿಸಿದ ಮೇಲೆ ನವೆ ಮತ್ತೆ ಶುರುವಾಯಿತು. ಅಷ್ಟರಲ್ಲಿ ಒಪ್ಪಿಗೆ ಬಂದು, ಇಲಿಗಳ ಮೇಲೆ ಹೊಸ ಮುಲಾಮಿನ ಪರೀಕ್ಷೆ ನಡೆಯುತ್ತಿತ್ತು. ಸಫೂರಾ ಈಗ ಔಷಧಿ ಕೇಳುತ್ತಿರಲಿಲ್ಲ.

“ಇಲಿಗಳು ಹೆಂಗವೆ?” ಎಂದಳು ಒಂದು ಭಾನುವಾರ, ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು.

“ಒಂದಷ್ಟಕ್ಕೆ ಊತ ಇಳಿದೈತೆ. ಒಂದಷ್ಟಕ್ಕೆ ಏನೂ ಆಗಿಲ್ಲ ಅಕ್ಕ. ಯಾಕೆ ಅಂತ ಗೊತ್ತಾಗ್ತಿಲ್ಲ.”

“ಗೊತ್ತಾಗೋಗಂಟ ಬುಡ್ಬ್ಯಾಡ,” ಎಂದಳು ಸಫೂರಾ.

ಮಮತಾಳ ಟೀ ಆರುತ್ತಿತ್ತು. ಊತ ಇಳಿಯದ ಆ ಇಲಿಗಳನ್ನೇ ನೆನೆಯುತ್ತ ಅವಳು ಎದ್ದು ಅಂಗಳದಲ್ಲಿ ಅತ್ತಿಂದಿತ್ತ ತಿರುಗಾಡತೊಡಗಿದಳು.